ಪಿಕಾಚು ಜೊತೆ ಮಗುವಿನ ಮೊದಲ ಸುತ್ತಾಟ: ‘ಲೆಟ್ಸ್ ಗೋ’ ಶುರುಮಾಡುವ ಮನೆಯವರಿಗೆ ಮಾರ್ಗದರ್ಶಿ

ಪೊಕೆಮಾನ್ ಎಂಬ ಕಲ್ಪನೆಯ ಪ್ರಾಣಿಗಳನ್ನು ಚೆಂಡೆಸೆದು ಹಿಡಿದು, ಸಾಕಿ, ಪಂದ್ಯಕ್ಕೆ ಇಳಿಸುವ ಆಟಗಳು ಹತ್ತಾರಿವೆ. ಆರೇಳು ವರ್ಷದ ಮಗುವಿನ ಕೈಗೆ ಮೊದಲು ಕೊಡಲು ಹೇಳಿ ಮಾಡಿಸಿದ್ದು ‘ಪೊಕೆಮಾನ್: ಲೆಟ್ಸ್ ಗೋ, ಪಿಕಾಚು!’, ಇಲ್ಲವೇ ಅದರ ಅವಳಿ ‘ಲೆಟ್ಸ್ ಗೋ, ಈವಿ!’. ಜಪಾನಿನ ಗೇಮ್ ಫ್ರೀಕ್ ತಯಾರಿಸಿದ ಈ ಜೋಡಿ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೆ ಬಂದದ್ದು 2018ರ ನವೆಂಬರ್ 16ರಂದು. ಕಥೆಯ ಎಲುಬು 1998ರ ‘ಪೊಕೆಮಾನ್ ಯೆಲ್ಲೋ’ ಎಂಬ ಹಳದಿ ಆವೃತ್ತಿಯದ್ದೇ, ನಾಡೂ ಅದೇ ಕ್ಯಾಂಟೊ. ಬದಲಾಗಿರುವುದು ಹಿಡಿಯುವ ಬಗೆ. ಹಳೆಯ ಆಟಗಳಲ್ಲಿ ಕಾಡಿನ ಪೊಕೆಮಾನ್ ಜೊತೆ ಕಾದಾಡಿ, ಅದನ್ನು ಸುಸ್ತು ಮಾಡಿ, ಆಮೇಲೆ ಚೆಂಡು ಎಸೆಯಬೇಕಿತ್ತು. ಇಲ್ಲಿ ಹುಲ್ಲಿನಲ್ಲಿ ಓಡಾಡುವ ಪೊಕೆಮಾನ್ ಕಣ್ಣಿಗೇ ಕಾಣುತ್ತದೆ. ಹತ್ತಿರ ಹೋಗಿ ಮುಟ್ಟಿದರೆ ಸಾಕು, ನೇರವಾಗಿ ಎಸೆತಕ್ಕೆ ಇಳಿಯಬಹುದು.

ಆಟವೇನೋ ಸುಲಭ. ಆದರೂ ಮಗು ಅಳುವ ಜಾಗಗಳು ಮೂರು: ಸೇವ್ ಮಾಡದೆ ಕಳೆದುಹೋದ ಮಧ್ಯಾಹ್ನ, ಓದಿಸಿಕೊಳ್ಳದೆ ದಾಟಿದ ಒಂದು ಸಾಲು, ಅಡ್ಡಾದಿಡ್ಡಿ ಹಾರುವ ಚೆಂಡು. ಈ ಮೂರನ್ನು ದೊಡ್ಡವರು ನೋಡಿಕೊಂಡರೆ ಉಳಿದದ್ದನ್ನು ಮಗುವೇ ಆಡಿಕೊಳ್ಳುತ್ತದೆ. ಈ ಲೇಖನದ ಹೆಚ್ಚು ಭಾಗ ಆ ಮೂರರ ಬಗ್ಗೆಯೇ.

ಕೊಳ್ಳುವ ಮುನ್ನ

ಪಿಕಾಚುವೋ ಈವಿಯೋ ಎಂಬುದನ್ನು ಮಗುವಿಗೇ ಬಿಡಿ. ಕಥೆ, ಊರು, ದಾರಿ ಎರಡರಲ್ಲೂ ಒಂದೇ. ತಲೆಯ ಮೇಲೆ ಅಥವಾ ಭುಜದ ಮೇಲೆ ಕೂತು ಬರುವ ಸಂಗಾತಿ ಮಾತ್ರ ಬೇರೆ. ಜೊತೆಗೆ ಕೆಲವು ಪೊಕೆಮಾನ್ ಒಂದರಲ್ಲಿ ಸಿಕ್ಕರೆ ಇನ್ನೊಂದರಲ್ಲಿ ಸಿಗುವುದಿಲ್ಲ. ಆಡಿಶ್, ಗ್ರೌಲಿತ್, ಮ್ಯಾಂಕಿ, ಸ್ಯಾಂಡ್‌ಶ್ರೂ, ಸ್ಕೈದರ್ ಪಿಕಾಚು ಆವೃತ್ತಿಯವು. ಬೆಲ್‌ಸ್ಪ್ರೌಟ್, ವಲ್ಪಿಕ್ಸ್, ಮಿಯಾವ್ತ್, ಎಕಾನ್ಸ್, ಪಿನ್ಸರ್ ಈವಿ ಆವೃತ್ತಿಯವು. ಹಳೆಯ ಕಾರ್ಟೂನಿನ ಮಾತಾಡುವ ಬೆಕ್ಕು ಬೇಕೇ ಬೇಕು ಎನ್ನುವ ಮಗುವಿದ್ದರೆ ಈವಿ ತೆಗೆದುಕೊಳ್ಳಿ.

ಸ್ವಿಚ್ ಕಾರ್ಟ್ರಿಡ್ಜ್‌ಗೆ ದೇಶದ ಬೀಗವಿಲ್ಲ. ದುಬೈಯಿಂದ ಮಾವ ತಂದದ್ದಾಗಲಿ, ಅಮೆರಿಕದಿಂದ ಅತ್ತೆ ತಂದದ್ದಾಗಲಿ ಇಲ್ಲಿನ ಯಂತ್ರದಲ್ಲಿ ನಡೆಯುತ್ತದೆ. ಡೌನ್‌ಲೋಡ್ ಕೋಡ್ ಹಾಗಲ್ಲ. ಅಮೆರಿಕದ ಅಂಗಡಿಯ ಕೋಡ್‌ಗೆ ಖಾತೆಯ ದೇಶವೂ ಅಮೆರಿಕವೇ ಆಗಿರಬೇಕು, ಇಲ್ಲದಿದ್ದರೆ ಕೋಡ್ ಹಿಡಿಯುವುದಿಲ್ಲ. ಉಡುಗೊರೆ ಕಳಿಸುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ಡೌನ್‌ಲೋಡ್ ಮಾಡುವುದಾದರೆ ಸುಮಾರು 4 ಜಿಬಿ ಜಾಗ ಖಾಲಿ ಇರಲಿ.

ಎರಡೂ ಕೈಯಲ್ಲಿ ಹಿಡಿಯುವ ಪ್ರೊ ಕಂಟ್ರೋಲರ್ ಈ ಆಟದಲ್ಲಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಇದೆಯಲ್ಲ ಎಂದು ಅದನ್ನೇ ನಂಬಿ ಕೂರಬೇಡಿ. ಟಿವಿಯಲ್ಲಿ ಆಡಲು ಒಂದು ಜಾಯ್-ಕಾನ್, ಅಂದರೆ ಸ್ವಿಚ್‌ನ ಪಕ್ಕದಿಂದ ಬಿಚ್ಚಿಕೊಳ್ಳುವ ಚಿಕ್ಕ ಕಂಟ್ರೋಲರ್, ಸಾಕು, ಒಂದೇ ಕೈಯಲ್ಲಿ ಹಿಡಿದು ಇಡೀ ಆಟ ಮುಗಿಸಬಹುದು. ಸಾಮಾನ್ಯ ಸ್ವಿಚ್ ಜೊತೆ ಎರಡು ಜಾಯ್-ಕಾನ್ ಬರುವುದರಿಂದ ಇಬ್ಬರು ಆಡಲು ಬೇರೆ ಖರ್ಚಿಲ್ಲ. ಸ್ವಿಚ್ ಲೈಟ್ ಆದರೆ ಕೈಯಲ್ಲಿ ಹಿಡಿದು ಒಬ್ಬರೇ ಆಡಬೇಕು. ಇನ್ನೊಬ್ಬರು ಸೇರಬೇಕಾದರೆ ಜಾಯ್-ಕಾನ್ ಬೇರೆಯಾಗಿ ಕೊಳ್ಳಬೇಕು.

ಆಟದೊಳಗೆ ದುಡ್ಡು ಕೇಳುವ ಅಂಗಡಿ ಇಲ್ಲ. ಒಮ್ಮೆ ಕೊಂಡರೆ ಮುಗಿಯಿತು. ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. 151ನೆಯ ಪೊಕೆಮಾನ್ ಮ್ಯೂ ಸಿಗುವುದು ‘ಪೊಕೆ ಬಾಲ್ ಪ್ಲಸ್’ ಎಂಬ ಚೆಂಡಿನಾಕಾರದ ಪ್ರತ್ಯೇಕ ಕಂಟ್ರೋಲರ್ ಜೊತೆಯಲ್ಲಿ ಮಾತ್ರ. ಆಟದಲ್ಲಿ ಎಲ್ಲಿ ಹುಡುಕಿದರೂ ಅದು ಇಲ್ಲ. ಯಾರೋ ಬಳಸಿದ ಚೆಂಡನ್ನು ಕೊಳ್ಳುವುದಾದರೆ ಒಳಗಿನ ಮ್ಯೂ ಆಗಲೇ ಹೋಗಿರಬಹುದು.

ಮಗು ಎದುರಿಗೆ ಇಲ್ಲದಾಗ ಮಾಡಿಡಬೇಕಾದದ್ದು

ಮೊದಲ ಕೆಲಸ, ಆಡುವ ಪ್ರತಿ ಮಗುವಿಗೂ ಸ್ವಿಚ್‌ನಲ್ಲಿ ಬೇರೆ ಯೂಸರ್ ಪ್ರೊಫೈಲ್. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್, ಅಲ್ಲಿ ಆ್ಯಡ್ ಯೂಸರ್. ಎರಡು ನಿಮಿಷದ ಕೆಲಸ, ನಿಂಟೆಂಡೊ ಖಾತೆಯೂ ಬೇಕಿಲ್ಲ. ಒಂದು ಪ್ರೊಫೈಲ್‌ಗೆ ಈ ಆಟದಲ್ಲಿ ಒಂದೇ ಸೇವ್. ಅಣ್ಣನ ಪ್ರೊಫೈಲ್‌ನಲ್ಲಿ ತಂಗಿ ಆಡಿ ಸೇವ್ ಒತ್ತಿದರೆ ಅಣ್ಣನ ಆಟವೇ ಮುಂದಕ್ಕೆ ಹೋಗಿಬಿಡುತ್ತದೆ. ಅವನು ಶಾಲೆಯಿಂದ ಬಂದು ನೋಡಿದಾಗ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೊಫೈಲ್‌ಗೆ ಹೆಸರಿನ ಜೊತೆ ಬೇರೆ ಬೇರೆ ಚಿತ್ರ ಇಡಿ. ಓದು ಬಾರದ ಮಗು ಚಿತ್ರ ನೋಡಿಯೇ ತನ್ನದನ್ನು ಒತ್ತುತ್ತದೆ.

ಭಾಷೆಯನ್ನು ಆಟದ ಆರಂಭದಲ್ಲೇ ಆರಿಸಬೇಕು. ಆಮೇಲೆ ಅದೇ ಸೇವ್‌ನಲ್ಲಿ ಬದಲಿಸಲು ಬರುವುದಿಲ್ಲ. ಇರುವ ಭಾಷೆಗಳಲ್ಲಿ ಕನ್ನಡವಿಲ್ಲ, ಹಿಂದಿಯೂ ಇಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ಇಂಗ್ಲಿಷೇ ಗತಿ. ಸಮಾಧಾನದ ಸಂಗತಿಯೆಂದರೆ ಪಾತ್ರಗಳ ಮಾತು ಗುಂಡಿ ಒತ್ತುವ ತನಕ ಪರದೆಯ ಮೇಲೆ ನಿಂತಿರುತ್ತದೆ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಲು ಸಮಯ ಬೇಕಾದಷ್ಟು. ಟೆಕ್ಸ್ಟ್ ಸ್ಪೀಡನ್ನು ನಿಧಾನಕ್ಕೆ ಇಡಿ, ಅಕ್ಷರ ಕೂಡಿಸಿ ಓದುವ ಮಗುವಿಗೆ ಅನುಕೂಲ. ಪೊಕೆಮಾನ್‌ಗೆ ಅಡ್ಡಹೆಸರು ಇಡುವಾಗಲೂ ಕನ್ನಡ ಅಕ್ಷರ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 12ರೊಳಗೆ ಬರೆದುಕೊಳ್ಳಬೇಕು. ಗುಂಡ, ಪುಟ್ಟಿ, ಬೆಲ್ಲ, ಎಲ್ಲವೂ ಹಿಡಿಸುತ್ತವೆ.

ಸಮಯದ ಮಿತಿಗೆ ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್ ಫೋನಿಗೆ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಇಷ್ಟು ನಿಮಿಷ ಎಂದು ಗೊತ್ತುಮಾಡಿದರೆ ಸಮಯ ಮುಗಿದಾಗ ಪರದೆಯಲ್ಲಿ ಎಚ್ಚರಿಕೆ ಬರುತ್ತದೆ. ಆದರೆ ಬರೀ ಎಚ್ಚರಿಕೆ, ಆಟ ನಿಲ್ಲುವುದಿಲ್ಲ. ಆಟವೇ ನಿಲ್ಲಬೇಕಾದರೆ ಅದೇ ಆ್ಯಪ್‌ನಲ್ಲಿ ಸಸ್ಪೆಂಡ್ ಸಾಫ್ಟ್‌ವೇರ್ ಎಂಬುದನ್ನು ಬೇರೆಯಾಗಿ ಆನ್ ಮಾಡಬೇಕು. ಆನ್ ಮಾಡುವ ಮೊದಲು ಮುಂದಿನ ಭಾಗ ಓದಿ.

ಸೇವ್: ಇದೊಂದನ್ನು ಬಾಯಿಪಾಠ ಮಾಡಿಸಿ

ಈ ಆಟ ತಾನಾಗಿ ಸೇವ್ ಮಾಡಿಕೊಳ್ಳುವುದಿಲ್ಲ. ನಂತರದ ಪೊಕೆಮಾನ್ ಆಟಗಳಲ್ಲಿ ಆಟೊಸೇವ್ ಬಂತು, ಇದರಲ್ಲಿ ಇಲ್ಲ. ಮಗು ಎಕ್ಸ್ ಗುಂಡಿ ಒತ್ತಿ ಮೆನು ತೆರೆದು ಸೇವ್ ಆರಿಸಿದರೆ ಮಾತ್ರ ಆಟ ಉಳಿಯುತ್ತದೆ. ಸ್ವಿಚ್ ಅನ್ನು ನಿದ್ರೆಗೆ ಹಾಕಿದಾಗ ಆಟ ಇದ್ದಲ್ಲೇ ನಿಂತಿರುವುದರಿಂದ ಮಗುವಿಗೆ ಎಲ್ಲ ಉಳಿಯಿತು ಎಂದೇ ಅನಿಸುತ್ತದೆ. ರಾತ್ರಿ ಬ್ಯಾಟರಿ ಖಾಲಿಯಾಗಿ ಯಂತ್ರ ಆಫ್ ಆದರೆ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರು ಬೇರೆ ಆಟ ತೆರೆಯಲು ಇದನ್ನು ಮುಚ್ಚಿದರೆ, ಕೊನೆಯ ಸೇವ್‌ನ ನಂತರದ್ದೆಲ್ಲ ಹೋಯಿತು. ಸಸ್ಪೆಂಡ್ ಆನ್ ಇದ್ದಾಗ ಅಪಾಯ ಇನ್ನೂ ಹೆಚ್ಚು. ಸಮಯ ಮುಗಿದ ಕ್ಷಣ ಪರದೆ ನಿಲ್ಲುತ್ತದೆ, ಸೇವ್ ಒತ್ತಲು ಬಿಡುವೇ ಇರುವುದಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ ಬರೀ ಎಚ್ಚರಿಕೆ ಇಟ್ಟು, ಎಚ್ಚರಿಕೆ ಬಂದ ಕೂಡಲೇ ಸೇವ್ ಮಾಡಿ ನಿಲ್ಲಿಸುವ ರೂಢಿ ಮಾಡಿಸುವುದೇ ಮೇಲು.

ಸೇವ್ ಒತ್ತಿಸಬೇಕಾದ ಹೊತ್ತುಗಳು: ಪೊಕೆಮಾನ್ ಸೆಂಟರಿನಲ್ಲಿ ಆರೈಕೆ ಮಾಡಿಸಿದ ಮೇಲೆ, ಹೊಸ ಊರಿಗೆ ಕಾಲಿಟ್ಟಾಗ, ಊರಿನ ಮುಖ್ಯ ಪಂದ್ಯ ನಡೆಯುವ ಜಿಮ್ ಬಾಗಿಲ ಮುಂದೆ, ಅಪರೂಪದ್ದೇನಾದರೂ ಹಿಡಿದ ತಕ್ಷಣ. ಸೆಂಟರಿನ ನರ್ಸ್ ದುಡ್ಡು ತೆಗೆದುಕೊಳ್ಳುವುದಿಲ್ಲ, ಎಷ್ಟು ಸಲ ಬೇಕಾದರೂ ಹೋಗಬಹುದು. ‘ನರ್ಸ್ ಅಕ್ಕನ ಹತ್ತಿರ ಹೋದೆ ಅಂದ್ರೆ ಸೇವ್’ ಎಂಬ ಒಂದೇ ನಿಯಮ ಐದು ವರ್ಷದ ಮಗುವಿಗೂ ನೆನಪಿರುತ್ತದೆ.

ಇನ್ನೆರಡು ಸಂಗತಿ. ಸೇವ್ ಇರುವುದು ಕಾರ್ಟ್ರಿಡ್ಜ್‌ನಲ್ಲಿ ಅಲ್ಲ, ಯಂತ್ರದಲ್ಲಿ. ಕಾರ್ಟ್ರಿಡ್ಜ್ ಗೆಳೆಯನಿಗೆ ಕೊಟ್ಟರೆ ಅವನಿಗೆ ಹೊಸ ಆಟ ಶುರುವಾಗುತ್ತದೆ, ನಿಮ್ಮ ಮಗುವಿನದ್ದು ಮನೆಯಲ್ಲೇ ಇರುತ್ತದೆ. ಎರಡನೆಯದು ಕಹಿ: ನಿಂಟೆಂಡೊಗೆ ವರ್ಷದ ಚಂದಾ ಕಟ್ಟಿದರೂ ಈ ಆಟದ ಸೇವ್ ಕ್ಲೌಡ್‌ಗೆ ಹೋಗುವುದಿಲ್ಲ. ಯಂತ್ರ ಕಳೆದರೆ ಅಥವಾ ಸುಟ್ಟುಹೋದರೆ ಸೇವ್ ಕೂಡ ಅದರ ಜೊತೆಗೇ ಹೋಯಿತು. ಹಳೆಯ ಸ್ವಿಚ್ ಮಾರಿ ಹೊಸದು ಕೊಳ್ಳುವವರು, ಎರಡೂ ಕೈಯಲ್ಲಿರುವಾಗಲೇ ಸಿಸ್ಟಮ್ ಸೆಟ್ಟಿಂಗ್ಸ್‌ನ ಡೇಟಾ ಮ್ಯಾನೇಜ್‌ಮೆಂಟ್‌ನಿಂದ ಸೇವ್ ದಾಟಿಸಿಕೊಳ್ಳಬೇಕು. ‘ಪೊಕೆಮಾನ್ ಹೋಮ್’ ಎಂಬ ಸೇವೆಗೆ ಪೊಕೆಮಾನ್‌ಗಳನ್ನು ಕಳಿಸಿ ಇಡಲೂಬಹುದು, ಪುಕ್ಕಟೆಯಾಗಿ 30ರ ತನಕ. ಆದರೆ ಹೆಗಲ ಮೇಲಿನ ಆ ಸಂಗಾತಿ ಮಾತ್ರ ಅಲ್ಲಿಗೆ ಹೋಗದು. ಮಗುವಿಗೆ ಎಲ್ಲಕ್ಕಿಂತ ಪ್ರೀತಿ ಇರುವುದು ಅದರ ಮೇಲೆಯೇ.

ಎಸೆತ

ಹಿಡಿಯುವ ಪರದೆಯಲ್ಲಿ ಪೊಕೆಮಾನ್ ಸುತ್ತ ಎರಡು ಬಳೆ ಕಾಣುತ್ತವೆ. ಹೊರಗಿನದು ಅಲುಗದೆ ನಿಂತಿರುತ್ತದೆ, ಒಳಗಿನ ಬಣ್ಣದ ಬಳೆ ಕುಗ್ಗುತ್ತಾ ಹೋಗಿ ಮತ್ತೆ ದೊಡ್ಡದಾಗುತ್ತದೆ. ಚೆಂಡು ಒಳಬಳೆಯೊಳಗೆ ಬೀಳಬೇಕು. ಬಳೆ ದೊಡ್ಡದಿದ್ದಾಗ ಬಿದ್ದರೆ ನೈಸ್, ಮಧ್ಯಮವಿದ್ದಾಗ ಗ್ರೇಟ್, ಚುಕ್ಕಿಯಂತಾದಾಗ ಎಕ್ಸಲೆಂಟ್. ಬಳೆ ಕುಗ್ಗಿದಷ್ಟೂ ಸಿಗುವ ಸಂಭವ ಹೆಚ್ಚು, ತಂಡಕ್ಕೆ ಬರುವ ಅನುಭವದ ಅಂಕವೂ ಹೆಚ್ಚು. ಬಣ್ಣ ಹೇಳುವುದು ಕಷ್ಟದ ಮಟ್ಟ: ಹಸಿರು ಸಲೀಸು, ಹಳದಿ ಮತ್ತು ಕಿತ್ತಳೆ ನಡುವಿನವು, ಕೆಂಪಾದರೆ ಸುಲಭಕ್ಕೆ ಸಿಗದು.

ಟಿವಿಯಲ್ಲಿ ಆಡುವಾಗ ಜಾಯ್-ಕಾನ್ ಹಿಡಿದು ನಿಜಕ್ಕೂ ಎಸೆಯುವಂತೆ ಕೈ ಬೀಸಬೇಕು. ಮಕ್ಕಳು ಕೆಡಿಸಿಕೊಳ್ಳುವುದು ಇಲ್ಲೇ. ಗಲ್ಲಿ ಕ್ರಿಕೆಟ್‌ನ ವೇಗದ ಬೌಲರ್ ಹಾಗೆ ಭುಜ ತಿರುಗಿಸಿ ಬೀಸಿದರೆ ಚೆಂಡು ಪಕ್ಕಕ್ಕೆ ಹೋಗುತ್ತದೆ. ಆಟಕ್ಕೆ ಬೇಕಿರುವುದು ಜೋರಲ್ಲ, ದಿಕ್ಕು. ಮಗುವಿಗೆ ಹೀಗೆ ತೋರಿಸಿ:

1. ಟಿವಿಗೆ ಎದುರಾಗಿ ನೇರ ನಿಲ್ಲಬೇಕು. ಸ್ಟ್ರಾಪ್ ಮಣಿಕಟ್ಟಿಗೆ ಬಿಗಿಯಾಗಿರಲಿ.
2. ಜಾಯ್-ಕಾನ್ ನೆಟ್ಟಗೆ, ತುದಿ ಮೇಲಕ್ಕೆ. ಒಂದು ಕ್ಷಣ ಕೈ ಅಲುಗದೆ ನಿಲ್ಲಿಸಬೇಕು.
3. ಮೊಣಕೈ ಮಡಿಸಿ, ಮಣಿಕಟ್ಟನ್ನು ಮುಂದಕ್ಕೆ ಒಂದೇ ಸಲ ಮೆಲ್ಲಗೆ ಬೀಸಬೇಕು. ಬಾಗಿಲು ತಟ್ಟುವಷ್ಟು ಜೋರು ಸಾಕು.
4. ಪೊಕೆಮಾನ್ ಎಡಕ್ಕೆ ಸರಿದಿದ್ದರೆ ಬೀಸುವ ದಿಕ್ಕೂ ಎಡಕ್ಕೆ, ಬಲಕ್ಕೆ ಸರಿದಿದ್ದರೆ ಬಲಕ್ಕೆ.

ಎರಡನೆಯ ಹೆಜ್ಜೆಯನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಹಿಂದಿನ ಬೀಸಿನ ಅಲುಗಾಟ ನಿಲ್ಲುವ ಮೊದಲೇ ಮತ್ತೆ ಬೀಸಿದರೆ ಯಂತ್ರಕ್ಕೆ ಕೈ ಎಲ್ಲಿಂದ ಹೊರಟಿತು ಎಂಬುದೇ ಗೊತ್ತಾಗುವುದಿಲ್ಲ. ಸತತ ಮೂರು ಚೆಂಡು ಅಡ್ಡ ಹೋದವು ಎಂದಾದರೆ ಕೈ ಕೆಳಗಿಳಿಸಿ, ಒಂದು ಉಸಿರು ಬಿಟ್ಟು, ಮತ್ತೆ ಎತ್ತುವುದು ಒಳ್ಳೆಯದು.

ಪೊಕೆಮಾನ್ ಗುರ್ರೆಂದು ಕೈಕಾಲು ಆಡಿಸುತ್ತಿರುವಾಗ ಎಸೆದರೆ ಅದು ಚೆಂಡನ್ನು ಹೊಡೆದು ಉರುಳಿಸುತ್ತದೆ. ಆ ಕುಣಿತ ಮುಗಿಯುವ ತನಕ ಕಾಯಬೇಕು. ಮೌಂಟ್ ಮೂನ್ ಗವಿಯ ಝುಬ್ಯಾಟ್ ಥರದ್ದು ಒಂದು ಕಡೆ ನಿಲ್ಲುವುದೇ ಇಲ್ಲ. ಅಂಥವಕ್ಕೆ ನ್ಯಾನಬ್ ಹಣ್ಣು ಕೊಟ್ಟರೆ ಅಲುಗಾಟ ಕಡಿಮೆಯಾಗುತ್ತದೆ. ಬಳೆ ಕೆಂಪಗಿದ್ದರೆ ರ್‍ಯಾಜ್ ಹಣ್ಣು, ಇದು ಸಿಗುವ ಸಂಭವ ಹೆಚ್ಚಿಸುತ್ತದೆ. ಪಿನ್ಯಾಪ್ ಹಣ್ಣು ಕೊಟ್ಟರೆ ಹಿಡಿದ ಮೇಲೆ ಸಾಮಾನು ಹೆಚ್ಚು ಸಿಗಬಹುದು, ಹಿಡಿಯಲು ಅದರಿಂದ ಸಹಾಯವಿಲ್ಲ. ಮಕ್ಕಳು ಬಣ್ಣ ಚೆಂದವಿರುವ ಹಣ್ಣನ್ನೇ ಆರಿಸುತ್ತಾರೆ. ಪರವಾಗಿಲ್ಲ, ಹಣ್ಣಿಗೆ ಬರವಿಲ್ಲ.

ಕೈಯಲ್ಲಿ ಹಿಡಿದು ಆಡುವಾಗ ಬೀಸುವ ಗೋಜಿಲ್ಲ. ಯಂತ್ರವನ್ನೇ ಸ್ವಲ್ಪ ಓರೆಮಾಡಿ ಅಥವಾ ಕಂಟ್ರೋಲರ್‌ನ ಕಡ್ಡಿಯಿಂದ (ಸ್ಟಿಕ್) ಗುರಿ ಸರಿಮಾಡಿ ಎ ಒತ್ತಿದರೆ ಚೆಂಡು ಹೋಗುತ್ತದೆ. ಟಿವಿ ವಿಧಾನದಲ್ಲಿ ಕೈಬೀಸುವುದನ್ನು ಆಫ್ ಮಾಡಲು ದಾರಿಯಿಲ್ಲ. ಕೈ ಚಲನೆಗೆ ತೊಂದರೆ ಇರುವ ಮಗುವಿಗೆ, ಎಸೆತ ತಪ್ಪಿದರೆ ಬೇಗ ಸಿಟ್ಟಾಗುವ ಮಗುವಿಗೆ ಮೊದಲ ಒಂದು ವಾರ ಕೈಯಲ್ಲೇ ಆಡಿಸಿ.

ಚೆಂಡು 20ಕ್ಕಿಂತ ಕಡಿಮೆಯಾದಾಗ ಅಂಗಡಿಗೆ ಹೋಗುವುದು ಒಳ್ಳೆಯ ಲೆಕ್ಕ. ಸಾದಾ ಪೊಕೆ ಬಾಲ್ ಆಟದ ಹಣದಲ್ಲಿ ಒಂದಕ್ಕೆ 100. ಒಟ್ಟಿಗೆ 10 ಕೊಂಡರೆ ಒಂದು ಬಿಳಿ ಪ್ರೀಮಿಯರ್ ಬಾಲ್ ಕೊಸರು. ದುಡ್ಡು ಮುಗಿದರೆ ದಾರಿಯಲ್ಲಿ ನಿಂತಿರುವ ಟ್ರೈನರ್‌ಗಳ, ಅಂದರೆ ಪೊಕೆಮಾನ್ ಸಾಕುವ ಇತರ ಪಾತ್ರಗಳ ಜೊತೆ ಪಂದ್ಯ ಆಡಿ ಗೆದ್ದರೆ ದುಡ್ಡೂ ಬರುತ್ತದೆ, ಚೆಂಡೂ ಬರುತ್ತವೆ.

ಮೊದಲ ಮೂರ್ನಾಲ್ಕು ದಿನ

ಪ್ಯಾಲೆಟ್ ಊರಿನಿಂದ ಹೊರಟು ವಿರಿಡಿಯನ್ ನಗರ, ಅಲ್ಲಿನ ಅಂಗಡಿಯಿಂದ ಒಂದು ಪೊಟ್ಟಣ ತಂದು ಪ್ರೊಫೆಸರ್ ಓಕ್‌ಗೆ ಕೊಡುವುದು, ಆಮೇಲೆ ವಿರಿಡಿಯನ್ ಕಾಡು, ಕಾಡು ದಾಟಿದರೆ ಪ್ಯೂಟರ್ ನಗರ. ಪೊಟ್ಟಣ ತಂದುಕೊಡುವ ತನಕ ಆಟ ಮುಂದೆ ಹೋಗಗೊಡುವುದಿಲ್ಲ. ಓದದೆ ಎ ಒತ್ತುತ್ತಾ ಬಂದ ಮಗು ಮೊದಲು ಸಿಕ್ಕಿಬೀಳುವುದು ಇಲ್ಲೇ.

ಪ್ಯೂಟರ್‌ನ ಜಿಮ್ ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ. ಹುಲ್ಲಿನ ಜಾತಿಯ ಅಥವಾ ನೀರಿನ ಜಾತಿಯ ಪೊಕೆಮಾನ್ ತೋರಿಸಿದರೆ ಮಾತ್ರ ಒಳಗೆ ಬಿಡುತ್ತಾನೆ. ಹಿಂದಿನ ದಾರಿಗಳಲ್ಲಿ, ಅಂದರೆ ರೂಟ್ 1 ಮತ್ತು ರೂಟ್ 2ರಲ್ಲಿ, ಪಿಕಾಚು ಆವೃತ್ತಿಗೆ ಆಡಿಶ್, ಈವಿ ಆವೃತ್ತಿಗೆ ಬೆಲ್‌ಸ್ಪ್ರೌಟ್ ಸಿಗುತ್ತದೆ. ಒಂದನ್ನು ಹಿಡಿದು ತಂಡದಲ್ಲಿ ಇಟ್ಟುಕೊಂಡಿರಬೇಕು. ಅವನ ಶರತ್ತು ಕಾಟವೆನಿಸಿದರೂ ಪಾಠ ಸರಿಯಾಗಿದೆ. ಒಳಗಿರುವ ಜಿಮ್ ಯಜಮಾನ ಬ್ರಾಕ್‌ನ ಜಿಯೋಡ್ಯೂಡ್ ಮತ್ತು ಆನಿಕ್ಸ್ ಕಲ್ಲು-ಮಣ್ಣಿನ ಜಾತಿಯವು. ಹುಲ್ಲಿನ ಮತ್ತು ನೀರಿನ ಏಟು ಅವಕ್ಕೆ ನಾಲ್ಕು ಪಟ್ಟು ನಾಟುತ್ತದೆ. ಪಿಕಾಚುವಿನ ಮಿಂಚು ಅಲ್ಲಿ ಏನೂ ಮಾಡದು, ಮಣ್ಣಿಗೆ ಕರೆಂಟ್ ಹೊಡೆದಂತೆ. 10ನೇ ಲೆವೆಲ್ ಹೊತ್ತಿಗೆ ಪಿಕಾಚು ಮತ್ತು ಈವಿ ಎರಡೂ ಡಬಲ್ ಕಿಕ್ ಕಲಿತಿರುತ್ತವೆ, ಕಲ್ಲಿಗೆ ಆ ಒದೆಯೂ ನಡೆಯುತ್ತದೆ.

ಲೆವೆಲ್ ಸಾಲದು ಎನಿಸಿದರೆ ಪಂದ್ಯ ಹುಡುಕಿಕೊಂಡು ಅಲೆಯಬೇಕಿಲ್ಲ. ಈ ಆಟದಲ್ಲಿ ಒಂದು ಪೊಕೆಮಾನ್ ಹಿಡಿದರೆ ತಂಡದ ಆರಕ್ಕೂ ಅನುಭವ ಸಿಗುತ್ತದೆ. ಕಾಡಿನಲ್ಲಿ ಹದಿನೈದು ಇಪ್ಪತ್ತು ಹಿಡಿದು ಬಂದರೆ ಬ್ರಾಕ್ ಭಾರವಾಗುವುದಿಲ್ಲ.

ಈ ಹಂತದಲ್ಲಿ ಮಕ್ಕಳು ಕೇಳುವ ಪ್ರಶ್ನೆ: ನನ್ನ ಪಿಕಾಚು ಯಾವಾಗ ರಾಯ್‌ಚು ಆಗುತ್ತೆ? ಆಗುವುದಿಲ್ಲ. ರಾಯ್‌ಚು ಪಿಕಾಚುವಿನ ಮುಂದಿನ ರೂಪ, ಆದರೆ ಸಂಗಾತಿ ಪಿಕಾಚು, ಸಂಗಾತಿ ಈವಿ ರೂಪ ಬದಲಿಸುವುದಿಲ್ಲ, ಅದರ ಬದಲು ಹುಟ್ಟಿನಿಂದಲೇ ಹೆಚ್ಚು ಬಲ. ರಾಯ್‌ಚು ಬೇಕೇ ಬೇಕೆಂದರೆ ವಿರಿಡಿಯನ್ ಕಾಡಿನಲ್ಲಿ ಅಪರೂಪಕ್ಕೆ ಕಾಣುವ ಇನ್ನೊಂದು ಪಿಕಾಚುವನ್ನು ಹಿಡಿದು, ಮುಂದೆ ಥಂಡರ್ ಸ್ಟೋನ್ ಸಿಕ್ಕಾಗ ಅದಕ್ಕೆ ಕೊಡಬೇಕು. ಮಗುವಿಗೆ ಇದನ್ನು ಮೊದಲೇ ಹೇಳಿಡಿ. ತಿಂಗಳುಗಟ್ಟಲೆ ಕಾದು ನಿರಾಶೆಯಾಗುವುದು ಬೇಡ.

ಇನ್ನೊಬ್ಬರು ಸೇರುವುದು

ಎರಡನೆಯ ಜಾಯ್-ಕಾನ್ ಎತ್ತಿ ಅಲ್ಲಾಡಿಸಿದರೆ ಇನ್ನೊಂದು ಪಾತ್ರ ಪರದೆಗೆ ಬರುತ್ತದೆ. ಟ್ರೈನರ್ ಒಬ್ಬನೇ, ನೀವು ಇಬ್ಬರು, ಹೀಗಾಗಿ ಹೆಚ್ಚಿನ ಪಂದ್ಯಗಳು ಇಬ್ಬರಿಗೊಬ್ಬ ಎಂಬಂತೆ ನಡೆಯುತ್ತವೆ. ನ್ಯಾಯವಲ್ಲ ನಿಜ, ಆದರೆ ಪದೇ ಪದೇ ಸೋಲುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಗೆದ್ದ ಮೇಲೆ ದೊಡ್ಡವರು ಸದ್ದಿಲ್ಲದೆ ಹಿಂದೆ ಸರಿಯಬಹುದು.

ಹಿಡಿಯುವಾಗ ಇಬ್ಬರೂ ಒಂದೇ ಹೊತ್ತಿಗೆ ಎಸೆದರೆ ಎರಡು ಚೆಂಡು ಕೂಡಿ ಸಿಗುವ ಸಂಭವ ಏರುತ್ತದೆ. ಒಂದು, ಎರಡು, ಮೂರು ಎಂದು ಎಣಿಸಿ ಎಸೆಯಿರಿ. ಎರಡು ಚೆಂಡು ಖರ್ಚಾಗುತ್ತವೆ ಎಂಬುದು ನೆನಪಿರಲಿ. ಎರಡನೆಯವರು ಊರವರ ಜೊತೆ ಮಾತಾಡಲು, ಸಾಮಾನು ಎತ್ತಿಕೊಳ್ಳಲು, ಮೆನು ತೆರೆಯಲು ಆಗುವುದಿಲ್ಲ. ಆದ್ದರಿಂದ ಮಗುವೇ ಒಂದನೆಯವನಾಗಿರಲಿ, ಅಪ್ಪ ಅಮ್ಮ ಎರಡನೆಯವರು. ಇಬ್ಬರು ಮಕ್ಕಳಾದರೆ ಚಿಕ್ಕದಕ್ಕೆ ಎರಡನೆಯ ಕಂಟ್ರೋಲರ್ ಸರಿಹೋಗುತ್ತದೆ. ಅಕ್ಕ ದಾರಿ ನೋಡಿಕೊಳ್ಳುತ್ತಾಳೆ, ತಮ್ಮ ಚೆಂಡೆಸೆಯುತ್ತಾನೆ. ಆದರೆ ನಿಂತಲ್ಲೇ ಜಗಳ ಆಗದಂತೆ ಇಬ್ಬರ ನಡುವೆ ಎರಡು ಮೊಳ ಜಾಗ ಇರಲಿ, ಟೀಪಾಯಿ ಮೇಲಿನ ಲೋಟ ಒಳಗೆ ಹೋಗಲಿ.

ಓದಿ ಹೇಳಲೇಬೇಕಾದ ಬಾಗಿಲುಗಳು

ಬ್ರಾಕ್‌ನ ಬಾಗಿಲಿನಂಥ ಶರತ್ತು ಮುಂದೆಯೂ ಇವೆ. ಸೆರುಲಿಯನ್‌ನಲ್ಲಿ ಮಿಸ್ಟಿಯ ಜಿಮ್‌ಗೆ 15ನೇ ಲೆವೆಲ್ ಮುಟ್ಟಿದ ಒಂದು ಪೊಕೆಮಾನ್ ಬೇಕು, ಅದು ತಾನಾಗಿಯೇ ಆಗಿರುತ್ತದೆ. ಫ್ಯೂಷಿಯಾದ ಕೋಗಾ ಹತ್ತಿರ ಹೋಗಲು 50 ಬೇರೆ ಬೇರೆ ಜಾತಿ ಹಿಡಿದಿರಬೇಕು. ಒಂದೇ ಪಿಡ್ಜಿಯನ್ನು 50 ಸಲ ಹಿಡಿದರೆ ಲೆಕ್ಕಕ್ಕಿಲ್ಲ. ಸ್ಯಾಫ್ರನ್‌ನ ಸಬ್ರೀನಾಗೆ 45ನೇ ಲೆವೆಲ್. ಮಗು ಬಾಗಿಲಲ್ಲೇ ನಿಂತು ಆಟ ಕೆಟ್ಟಿದೆ ಎಂದರೆ ಬಾಗಿಲವನ ಮಾತನ್ನು ಇನ್ನೊಮ್ಮೆ ಓದಿ ಹೇಳಿ. ಸ್ಯಾಫ್ರನ್ ಊರಿನೊಳಗೆ ಹೋಗುವುದಕ್ಕೇ ಬಾಯಾರಿದ ಕಾವಲುಗಾರನಿಗೆ ಟೀ ಕೊಡಬೇಕು. ಅದು ಸೆಲಡಾನ್ ನಗರದಲ್ಲಿ ಸಿಗುತ್ತದೆ. ಚಹಾ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದನ್ನು ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗುವುದಿಲ್ಲ.

ಈವಿ ಜೊತೆ ಹೊರಟವರು ಮಿಸ್ಟಿಯನ್ನು ಎದುರಿಸುವ ಮೊದಲು ಸೆರುಲಿಯನ್‌ನ ಪೊಕೆಮಾನ್ ಸೆಂಟರಿನೊಳಗೆ ಎಲ್ಲರನ್ನೂ ಮಾತಾಡಿಸಬೇಕು. ಅಲ್ಲೊಬ್ಬ ಈವಿಗೆ ಬಝಿ ಬಝ್ ಎಂಬ ಮಿಂಚಿನ ವಿದ್ಯೆ ಕಲಿಸುತ್ತಾನೆ, ನೀರಿನ ಜಾತಿಯ ಸ್ಟಾರ್‌ಮಿಗೆ ಅದೇ ಸರಿಯಾದ ಉತ್ತರ. ಸೆಲಡಾನ್, ಫ್ಯೂಷಿಯಾ ಸೆಂಟರುಗಳಲ್ಲೂ ಸಂಗಾತಿಗೆ ಕಲಿಸುವವರಿದ್ದಾರೆ.

ಪುಕ್ಕಟೆ ಸಿಗುವ ಮೂರು ಹಳೆಯ ಪ್ರಿಯರನ್ನು ಮಕ್ಕಳು ತಪ್ಪಿಸಿಕೊಳ್ಳುವುದು ಲೆಕ್ಕ ಗೊತ್ತಿಲ್ಲದೆ. ಒಟ್ಟು 30 ಪೊಕೆಮಾನ್ ಹಿಡಿದ ಮೇಲೆ ಸೆರುಲಿಯನ್ ನಗರದ ಮನೆಯೊಂದರಲ್ಲಿ ಬಲ್ಬಸಾರ್, 50 ಆದ ಮೇಲೆ ಊರಿನ ಉತ್ತರದ ರೂಟ್ 24ರಲ್ಲಿ ಚಾರ್‌ಮ್ಯಾಂಡರ್, 60 ಆದ ಮೇಲೆ ವರ್ಮಿಲಿಯನ್‌ನಲ್ಲಿ ಪೊಲೀಸ್ ಜೆನ್ನಿಯಿಂದ ಸ್ಕ್ವರ್ಟಲ್. ಇಲ್ಲಿ ಎಣಿಸುವುದು ಜಾತಿಯನ್ನಲ್ಲ, ಒಟ್ಟು ಹಿಡಿದದ್ದನ್ನು. ಕಡಿಮೆ ಇರುವಾಗ ಮಾತಾಡಿಸಿ ಬಂದವರು ಮತ್ತೆ ಹೋಗಿ ಮಾತಾಡಿಸಬೇಕು.

ವರ್ಮಿಲಿಯನ್‌ನ ಸರ್ಜ್ ಜಿಮ್‌ನಲ್ಲಿ ಕಸದ ಬುಟ್ಟಿಗಳ ಒಗಟಿದೆ. ಯಾವುದೋ ಒಂದರಲ್ಲಿ ಸರ್ಜ್ ಮುಂದಿನ ಬಾಗಿಲು ತೆರೆಯುವ ಎರಡು ಗುಂಡಿಗಳಲ್ಲಿ ಮೊದಲನೆಯದು ಇರುತ್ತದೆ. ಅದು ಸಿಕ್ಕರೆ ಎರಡನೆಯದು ಅದಕ್ಕೆ ಅಂಟಿಕೊಂಡ ಬುಟ್ಟಿಯಲ್ಲೇ ಇದೆ, ಮೇಲೆ, ಕೆಳಗೆ, ಎಡ ಅಥವಾ ಬಲ. ತಪ್ಪು ಬುಟ್ಟಿ ನೋಡಿದರೆ ಎರಡೂ ಜಾಗ ಬದಲಾಗಿ ಮೊದಲಿಂದ ಶುರು. ಮೂಲೆಯ ಬುಟ್ಟಿಯಲ್ಲಿ ಮೊದಲನೆಯದು ಸಿಕ್ಕರೆ ಅದೃಷ್ಟ, ಪಕ್ಕದಲ್ಲಿ ಎರಡೇ ಬುಟ್ಟಿ.

ಲ್ಯಾವೆಂಡರ್ ಊರಿನ ಗೋಪುರದ ಬಗ್ಗೆ ಮೊದಲೇ ಒಂದು ಮಾತು. ಅದು ಸತ್ತ ಪೊಕೆಮಾನ್‌ಗಳ ಸಮಾಧಿ. ಕ್ಯೂಬೋನ್ ಎಂಬ ಮರಿಯ ತಾಯಿಯನ್ನು ಕಥೆಯ ಖಳರಾದ ರಾಕೆಟ್ ತಂಡದವರು ಕೊಂದಿರುತ್ತಾರೆ, ಆ ತಾಯಿಯ ಆತ್ಮ ಅಲ್ಲಿ ಎದುರಾಗುತ್ತದೆ. ರಕ್ತವಿಲ್ಲ, ಕ್ರೌರ್ಯ ತೋರಿಸುವುದಿಲ್ಲ. ಆದರೂ ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿದ್ದರೆ ಆ ಅರ್ಧ ಗಂಟೆ ಪಕ್ಕದಲ್ಲಿ ಕೂತಿರಿ. ಇಡೀ ಆಟದಲ್ಲಿ ಮನಸ್ಸಿಗೆ ತಟ್ಟುವ ಜಾಗ ಇದೊಂದೇ ಎನ್ನಬಹುದು.

ಪ್ರೊಫೆಸರ್‌ಗೆ ಕಳಿಸುವುದು, ಅದಲು ಬದಲು, ಫೋನಿನ ಆಟ

ಹಿಡಿದ ಪೊಕೆಮಾನ್‌ಗಳೆಲ್ಲ ಚೀಲದೊಳಗಿನ ಬಾಕ್ಸ್‌ನಲ್ಲಿ ಇರುತ್ತವೆ, 1000 ತನಕ ಹಿಡಿಯುತ್ತದೆ. ಹೆಚ್ಚಾದವನ್ನು ಪ್ರೊಫೆಸರ್ ಓಕ್‌ಗೆ ಕಳಿಸಿದರೆ ಕ್ಯಾಂಡಿ ಬರುತ್ತದೆ, ಅದನ್ನು ತಿನ್ನಿಸಿ ಉಳಿದವನ್ನು ಬಲಪಡಿಸಬಹುದು. ಕಳಿಸಿದ್ದು ಹಿಂದಿರುಗುವುದಿಲ್ಲ. ಕ್ಯಾಂಡಿ ಆಸೆಗೆ ಒಂದೊಂದಾಗಿ ಕಳಿಸುತ್ತಾ ಅಡ್ಡಹೆಸರಿಟ್ಟು ಸಾಕಿದ್ದನ್ನೂ ಕಳಿಸಿಬಿಡುವುದು ಸಾಮಾನ್ಯ. ಕಳಿಸುವ ಮೊದಲು ಸೇವ್ ಮಾಡಿದ್ದರೆ, ತಪ್ಪಾದ ಕೂಡಲೇ ಸೇವ್ ಒತ್ತದೆ ಆಟ ಮುಚ್ಚಿ ಮತ್ತೆ ತೆರೆಯಿರಿ. ಕೊನೆಯ ಸೇವ್‌ನಲ್ಲಿದ್ದದ್ದು ಹಾಗೆಯೇ ಇರುತ್ತದೆ. ತಾನಾಗಿ ಸೇವ್ ಆಗದಿರುವುದು ಉಪಕಾರವಾಗುವುದು ಇಲ್ಲೊಂದೇ ಕಡೆ.

ಅದಲು ಬದಲಿಗೆ ಎರಡು ಯಂತ್ರ, ಎರಡು ಆಟ ಬೇಕು. ಪಕ್ಕದಲ್ಲಿ ಕೂತವರ ಜೊತೆ ಪುಕ್ಕಟೆ, ದೂರದವರ ಜೊತೆಗಾದರೆ ಚಂದಾ ಬೇಕು. ಇಬ್ಬರೂ ಮೂರು ಪೊಕೆಮಾನ್ ಚಿತ್ರಗಳನ್ನು ಅದೇ ಕ್ರಮದಲ್ಲಿ ಆರಿಸಿದರೆ ಸಂಪರ್ಕವಾಗುತ್ತದೆ. ಚಿತ್ರಗಳು ಹತ್ತೇ, ಹಾಗಾಗಿ ಆಗುವ ಜೋಡಣೆ 1000. ಆನ್‌ಲೈನ್‌ನಲ್ಲಿ ಮೂರೂ ಪಿಕಾಚು ಒತ್ತಿದರೆ ಯಾರೋ ಅಪರಿಚಿತರು ಸಿಕ್ಕಾರು. ಬೆರೆಸಿ ಆರಿಸಿ. ಬರೆದು ಅಥವಾ ಮಾತಾಡಿ ಹರಟುವ ಸೌಲಭ್ಯವಂತೂ ಇಲ್ಲ. ಕಡಾಬ್ರಾ, ಮಚೋಕ್, ಗ್ರಾವೆಲರ್, ಹಾಂಟರ್ ಈ ನಾಲ್ಕು ಕೈ ಬದಲಾದರೆ ಮಾತ್ರ ಮುಂದಿನ ರೂಪಕ್ಕೆ ಹೋಗುತ್ತವೆ. ಕೊಟ್ಟು ಮತ್ತೆ ವಾಪಸ್ ಪಡೆಯುವ ಒಪ್ಪಂದ ಮೊದಲೇ ಆಗಿರಲಿ.

ಇನ್ನೊಂದು ಆಟ ಕೊಳ್ಳದೆಯೇ ಬಿಟ್ಟುಹೋದವನ್ನು ತುಂಬಿಸುವ ದಾರಿ ‘ಪೊಕೆಮಾನ್ ಗೋ’ ಎಂಬ ಫೋನಿನ ಆಟ. ಭಾರತಕ್ಕೆ ಅದು 2016ರ ಡಿಸೆಂಬರ್‌ನಲ್ಲಿ ಬಂದಿತು, ಹಲವು ದೊಡ್ಡವರ ಫೋನಿನಲ್ಲಿ ಈಗಲೂ ಇದೆ. ಫ್ಯೂಷಿಯಾ ನಗರದ ಗೋ ಪಾರ್ಕ್ ತಲುಪಿದ ಮೇಲೆ ಬ್ಲೂಟೂತ್‌ನಿಂದ ಫೋನ್ ಜೋಡಿಸಿ, ಫೋನಿನಲ್ಲಿ ಹಿಡಿದ ಕ್ಯಾಂಟೊ ನಾಡಿನ ಪೊಕೆಮಾನ್‌ಗಳನ್ನು ಕಳಿಸಬಹುದು. ಅವು ಪಾರ್ಕಿನಲ್ಲಿ ಓಡಾಡುತ್ತವೆ, ಮಗು ಮತ್ತೆ ಚೆಂಡೆಸೆದು ಹಿಡಿಯಬೇಕು. ಕಳಿಸಿದ್ದು ಫೋನಿಗೆ ಹಿಂತಿರುಗದು. ಅಪ್ಪ ವರ್ಷಗಟ್ಟಲೆ ಕಾಪಾಡಿದ್ದನ್ನು ಕಳಿಸುವ ಮೊದಲು ಎರಡು ಸಲ ಯೋಚಿಸಲಿ. ಮೊದಲ ಸಲ ಕಳಿಸಿದಾಗ ಫೋನಿನ ಆಟಕ್ಕೆ ಮಿಸ್ಟರಿ ಬಾಕ್ಸ್ ಸಿಗುತ್ತದೆ, ಮೆಲ್ಟನ್ ಎಂಬ ಪೊಕೆಮಾನ್ ಬರುವುದು ಅದರಿಂದ. ‘ಲೆಟ್ಸ್ ಗೋ’ದಲ್ಲಿ ಇಲ್ಲದ ದುಡ್ಡಿನ ಅಂಗಡಿ ಫೋನಿನ ಆಟದಲ್ಲಿ ಇದೆ. ಮಗುವಿನ ಕೈಗೆ ಫೋನ್ ಕೊಡುವ ಮೊದಲು ಖರೀದಿಗೆ ಪಾಸ್‌ವರ್ಡ್ ಹಾಕಿಡಿ.

ಹೊಳೆಯುವ ಬಣ್ಣದವು ಮತ್ತು ಮ್ಯೂಟೂ

ಬೇರೆ ಬಣ್ಣದ ಶೈನಿ ಸಿಗುವ ಸಾಮಾನ್ಯ ಸಂಭವ 4096ಕ್ಕೆ 1. ಒಂದೇ ಜಾತಿಯನ್ನು ಸತತವಾಗಿ ಹಿಡಿಯುತ್ತಾ ಹೋದರೆ ಕಾಂಬೊ ಏರುತ್ತದೆ, 31 ದಾಟಿದ ಮೇಲೆ ಸಂಭವ ಬಹಳ ಹೆಚ್ಚುತ್ತದೆ. ಬೇರೆ ಜಾತಿ ಹಿಡಿದರೆ, ಹಿಡಿಯುತ್ತಿದ್ದದ್ದು ಓಡಿಹೋದರೆ, ಆಟ ಮುಚ್ಚಿದರೆ ಕಾಂಬೊ ಮುರಿಯಿತು. ಬೇಡವಾದ ಜಾತಿ ಅಡ್ಡ ಬಂದರೆ ನಾವೇ ಓಡಿಹೋಗಬಹುದು, ಅದರಿಂದ ಮುರಿಯದು. ಶೈನಿ ದೂರದಿಂದಲೇ ಮಿನುಗುತ್ತದೆ. ಸುತ್ತ ಕೆಂಪು ಹೊಗೆ ಇದ್ದರೆ ದೊಡ್ಡ ಗಾತ್ರದ್ದು, ನೀಲಿ ಇದ್ದರೆ ಪುಟ್ಟದ್ದು. ಮಕ್ಕಳು ಹೊಗೆಯನ್ನೇ ಶೈನಿ ಎಂದುಕೊಂಡು ಓಡುತ್ತಾರೆ.

ಸ್ನಾರ್ಲ್ಯಾಕ್ಸ್, ಆರ್ಟಿಕ್ಯುನೊ, ಜ್ಯಾಪ್ಡಾಸ್, ಮೋಲ್ಟ್ರೆಸ್, ಮ್ಯೂಟೂ ಥರದ ಕೆಲವನ್ನು ಮಾತ್ರ ಹಳೆಯ ರೀತಿಯಲ್ಲಿ ಕಾದಾಡಿ ಸೋಲಿಸಿ ಆಮೇಲೆ ಹಿಡಿಯಬೇಕು. ಕಾದಾಟಕ್ಕೆ 5 ನಿಮಿಷದ ಗಡುವು. ಮೆನುವಿನಲ್ಲಿ ತಡಕಾಡುವ ಮಗುವಿಗೆ ಆ ಐದು ನಿಮಿಷ ಬೇಗ ಕಳೆಯುತ್ತದೆ. ಮುಟ್ಟುವ ಮೊದಲು ತಂಡವನ್ನು ಆರೈಕೆ ಮಾಡಿಸಿ, ಎದುರಾಳಿಯ ಮುಂದೆ ನಿಂತೇ ಸೇವ್ ಒತ್ತಿ, ಬಲವಾದ ನಾಲ್ಕು ಏಟುಗಳಿರುವ ಪೊಕೆಮಾನ್ ಮೊದಲ ಜಾಗದಲ್ಲಿ ಇಡಿ. ಮ್ಯೂಟೂ ಇರುವುದು ಸೆರುಲಿಯನ್ ಗವಿಯ ತಳದಲ್ಲಿ, 70ನೇ ಲೆವೆಲ್, ಕಥೆಯ ಕೊನೆಗೆ ಚಾಂಪಿಯನ್ ಆದ ಮೇಲಷ್ಟೇ ಒಳಗೆ ದಾರಿ. ಎಂದೂ ತಪ್ಪದ ಮಾಸ್ಟರ್ ಬಾಲ್ ಸ್ಯಾಫ್ರನ್‌ನ ಸಿಲ್ಫ್ ಕಂಪನಿಯ ಅಧ್ಯಕ್ಷರಿಂದ ಸಿಕ್ಕಿರುತ್ತದೆ. ಮಗು ಅದನ್ನು ದಾರಿಯಲ್ಲಿ ಸಿಕ್ಕ ಯಾವುದೋ ರಟಾಟಾಗೆ ಎಸೆದು ಮುಗಿಸಿದ್ದರೂ ಚಿಂತೆಯಿಲ್ಲ. ಅಲ್ಟ್ರಾ ಬಾಲ್ 30 ಮತ್ತು ಬಂಗಾರದ ರ್‍ಯಾಜ್ ಹಣ್ಣು ಹತ್ತು ಇಟ್ಟುಕೊಂಡು, ಪಕ್ಕದಲ್ಲಿ ಎರಡನೆಯ ಜಾಯ್-ಕಾನ್ ಹಿಡಿದು ಒಬ್ಬರು ಕೂತರೆ, ಒಂದು, ಎರಡು, ಮೂರು ಎಂದು ಎಣಿಸಿ ಎಸೆಯುವುದೊಂದೇ ಬಾಕಿ.